ಚಾಲಕನ ನಿದ್ದೆಯ ಲೆಕ್ಕ

ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ರಾತ್ರಿಯ ಬಸ್ಸು ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯತೊಡಗುವಾಗ ಪ್ರಯಾಣಿಕರೆಲ್ಲ ಗಾಢನಿದ್ರೆಯಲ್ಲಿರುತ್ತಾರೆ. ಎಚ್ಚರವಾಗಿರಬೇಕಾದವನು ಚಾಲಕನೊಬ್ಬನೇ. ದೇಹವು ನಿದ್ರೆಯನ್ನು ಹಟದಿಂದ ಬೇಡುವ ಹೊತ್ತೂ ಆ ಬೆಳಗಿನ ಜಾವವೇ. ಗಂಟೆಗೆ 36 ಕಿಲೋಮೀಟರಿನ ನಿಧಾನಗತಿಯಲ್ಲಿಯೂ ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ ಬಸ್ಸು 30 ಮೀಟರು ಕುರುಡಾಗಿ ಸಾಗಿರುತ್ತದೆ.

ಕುಡಿದು ಬಂದವನನ್ನು ಉಸಿರು ಪರೀಕ್ಷಿಸಿ ಡಿಪೋದಲ್ಲಿಯೇ ತಡೆಯಬಹುದು. ನಿದ್ದೆಗೆಟ್ಟವನ ಉಸಿರು ಏನನ್ನೂ ಹೇಳುವುದಿಲ್ಲ. ಆದರೆ ಸತತವಾಗಿ 17 ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಹೊಂದಾಣಿಕೆಯು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರವಿದ್ದವನಷ್ಟೇ ಕುಗ್ಗುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ಮೋಟಾರು ಕಾಯಿದೆ ಸಹಿಸುವ ಮಿತಿ ಶೇಕಡಾ 0.03 ಮಾತ್ರ!

ವಿಶ್ರಾಂತಿಯ ಅಗತ್ಯವನ್ನು ಕಾನೂನು ಅರಿಯದೆ ಇರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಸಾಮಾನ್ಯವಾಗಿ ದಿನಕ್ಕೆ 8 ಗಂಟೆಯ ದುಡಿಮೆಯನ್ನೂ, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 9 ಗಂಟೆಯ ಬಿಡುವನ್ನೂ ಗೊತ್ತುಮಾಡಿತು. ಆದರೆ ಒಂಬತ್ತು ಗಂಟೆಯ ಬಿಡುವೆಂದರೆ ಒಂಬತ್ತು ಗಂಟೆಯ ನಿದ್ದೆಯಲ್ಲ. ಕರಾವಳಿಯ ಸೆಕೆಯಲ್ಲಿ, ಹಾಡುಹಗಲಿನ ಬೆಳಕಿನಲ್ಲಿ, ನಿಂತ ಬಸ್ಸಿನ ಸೀಟಿನ ಮೇಲೆ ಸೊಳ್ಳೆಗಳೊಡನೆ ಕಳೆದ ಹೊತ್ತೂ ಕಡತದಲ್ಲಿ ವಿಶ್ರಾಂತಿಯೇ. ತಂಪಾದ, ಕತ್ತಲಾದ ಒಂದು ಕೋಣೆ, ಒಂದು ಮಂಚ—ಬ್ರೇಕಿನಂತೆ ಇವೂ ವಾಹನದ ಅಂಗಗಳೆಂದು ಮಾಲೀಕರಿಗೆ ತೋರುವುದು ಅಪರೂಪ.

ಅಪಘಾತವಿಲ್ಲದೆ ವರ್ಷಗಟ್ಟಲೆ ಬಸ್ಸು ನಡೆಸಿದ ಚಾಲಕರಿಗೆ ರಾಜ್ಯ ರಸ್ತೆ ಸಾರಿಗೆ ನಿಗಮವು ಪದಕ ತೊಡಿಸುತ್ತದೆ, ಯೋಗ್ಯವಾದ ಗೌರವ. ಆದರೆ ಯಾವ ಸಂಸ್ಥೆಯಲ್ಲಾದರೂ ಪಾಳಿಪಟ್ಟಿಯನ್ನು ಬರೆಯುವಾತ ತೆರೆಯ ಹಿಂದಿರುತ್ತಾನೆ. ಒಬ್ಬ ಚಾಲಕ ಜ್ವರದಿಂದ ಮಲಗಿದ ಸಂಜೆ, ಅಂದು ಮುಂಜಾನೆ ಬಂದಿಳಿದವನನ್ನೇ ಮತ್ತೆ ಘಾಟಿಗೆ ಕಳುಹಿಸುವುದೋ, ಪ್ರಯಾಣವನ್ನು ರದ್ದುಮಾಡಿ ನಲವತ್ತು ಜನರ ಬೈಗುಳ ತಿನ್ನುವುದೋ ಎಂದು ತೀರ್ಮಾನಿಸಬೇಕಾದವನು ಅವನೇ.