ಉದ್ರಿ ಖಾತೆಯಲ್ಲೂ ಹೆಸರಿರುತ್ತೆ!

ಅಂಗಡಿಯ ಉದ್ರಿ ಖಾತೆ ತೆಗೆದು ನೋಡಿ. ಪುಟಪುಟದಲ್ಲೂ ಯಾರ ಹೆಸರಿದೆ? ದಿನಾ ಬರುವ ಒಳ್ಳೆ ಗಿರಾಕಿಯದೂ ಇರಬಹುದು, ಮೂರು ವರ್ಷದಿಂದ ಬಾಕಿ ತೀರಿಸದೆ ಎದುರು ಸಿಕ್ಕರೆ ಗಲ್ಲಿಗೆ ನುಗ್ಗುವವನದೂ ಇರಬಹುದು. ಹೆಸರು ಎಷ್ಟು ಸಲ ಬಂತು ಅಂತ ಎಣಿಸಿದರೆ ಇಬ್ಬರೂ ಒಂದೇ!

ವೈದ್ಯ ವಿಜ್ಞಾನಿಗಳ ಲೋಕದಲ್ಲೂ ಇಂಥದೇ ಒಂದು ಖಾತೆ ಉಂಟು. ಒಬ್ಬ ಡಾಕ್ಟರು ಬರೆದ ಲೇಖನವನ್ನು ಬೇರೆ ಡಾಕ್ಟರುಗಳು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸಿದರು ಎಂಬ ಲೆಕ್ಕ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯುಜೀನ್ ಗಾರ್ಫೀಲ್ಡ್ ಎಂಬಾತ 1964ರಲ್ಲಿ ಈ ಪಟ್ಟಿಯನ್ನು ಅಚ್ಚು ಹಾಕಿಸಿ ಹೊರತಂದ. ಈಗ ಕಂಪ್ಯೂಟರೇ ಎಣಿಸುತ್ತದೆ. ಬಡ್ತಿ, ಸಂಶೋಧನೆಗೆ ಹಣ, ಬಿರುದು ಬಾವಲಿ, ಎಲ್ಲಕ್ಕೂ ಈ ಲೆಕ್ಕ ನೋಡುವವರಿದ್ದಾರೆ. ‘ಎಷ್ಟು ಉಲ್ಲೇಖ?’ ಎಂದು ಕೇಳುತ್ತಾರೆಯೇ ಹೊರತು ‘ಏನಂತ ಉಲ್ಲೇಖ?’ ಎಂದು ಕೇಳುವವರು ಕಡಿಮೆ.

ಇಟಲಿಯ ಒಂದು ಲೇಖನದ ಕಥೆ ಕೇಳಿದರೆ ಇದು ತಿಳಿಯುತ್ತದೆ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಕರೆಂಟ್ ವೈರಿನ ಮೇಲೆ ರಬ್ಬರ್ ಇದ್ದ ಹಾಗೆ ಮಿದುಳು, ಬೆನ್ನುಹುರಿಯ ನರತಂತುಗಳ ಮೇಲೂ ಒಂದು ಹೊದಿಕೆ ಇದೆ. ದೇಹದ ಕಾವಲು ಪಡೆಯೇ ದಾರಿ ತಪ್ಪಿ ಆ ಹೊದಿಕೆಯ ಮೇಲೆ ಬೀಳುತ್ತದೆ. ಕಣ್ಣು ಮಂಜು, ಕಾಲು ಜೋಮು, ನಡೆದರೆ ತೂರಾಟ. ದುಡಿಯುವ ಪ್ರಾಯದಲ್ಲೇ, 20ರಿಂದ 40ರೊಳಗೆ, ಹೆಚ್ಚಿನವರಿಗೆ ಶುರುವಾಗುತ್ತದೆ, ಹೆಂಗಸರಿಗೆ ಜಾಸ್ತಿ. ಹತೋಟಿಗೆ ಔಷಧಿಗಳು ಬಂದಿವೆ. ಬೇರು ಸಮೇತ ಕೀಳುವ ಮದ್ದು ಇನ್ನೂ ಇಲ್ಲ.

ಕುತ್ತಿಗೆಯ ರಕ್ತನಾಳ

ಫೆರಾರಾ ವಿಶ್ವವಿದ್ಯಾಲಯದ ಡಾ. ಪಾವೊಲೊ ಝಂಬೋನಿ ನರರೋಗದವರಲ್ಲ, ರಕ್ತನಾಳದ ತಜ್ಞರು. 2009ರಲ್ಲಿ ಅವರ ತಂಡ ಒಂದು ಲೇಖನ ಬರೆಯಿತು. ಮಿದುಳಿನಿಂದ ರಕ್ತ ಕೆಳಗಿಳಿಸುವ ಕುತ್ತಿಗೆ, ಎದೆಯ ನಾಳಗಳು ಕಿರಿದಾಗಿವೆ. ಕಾಯಿಲೆಗೂ ಅದಕ್ಕೂ ನಂಟಿದೆ ಎಂಬುದು ವಾದ. ಪರೀಕ್ಷಿಸಿದ್ದು 65 ರೋಗಿಗಳನ್ನು, ಈ ರೋಗವಿಲ್ಲದ 235 ಜನರನ್ನು. ತೊಡಕು ರೋಗಿಗಳಲ್ಲಿ ಮಾತ್ರ ಎನ್ನುವಷ್ಟು ಅಚ್ಚುಕಟ್ಟಾಗಿತ್ತು ಲೆಕ್ಕ. ಅನುಮಾನ ಬರಬೇಕಾದದ್ದೇ ಅಲ್ಲಿ. ಆದರೆ ಗಾಲಿಕುರ್ಚಿಯಲ್ಲಿ ಕೂತವರಿಗೆ ಅನುಮಾನಪಡುವಷ್ಟು ಪುರಸೊತ್ತು ಎಲ್ಲಿಂದ?

ನಾಳದೊಳಗೆ ಬಲೂನು ತೂರಿಸಿ ಉಬ್ಬಿಸಿದರೆ ದಾರಿ ಅಗಲವಾಯಿತು! ಇದಕ್ಕೆ ‘ವಿಮೋಚನೆ ಚಿಕಿತ್ಸೆ’ ಎಂದೇ ಹೆಸರು ಬಿತ್ತು. ಈ ಕಾಯಿಲೆ ಬಹಳವಿರುವ ಕೆನಡಾದಲ್ಲಿ ಅದೇ ವರ್ಷ ನವೆಂಬರ್‌ನಲ್ಲಿ ಟೀವಿ ಕಾರ್ಯಕ್ರಮ ಬಂದದ್ದೇ ತಡ, ಜನ ಹುಚ್ಚೆದ್ದರು. ಸ್ವದೇಶದಲ್ಲಿ ಮಾಡುವುದಿಲ್ಲ ಎಂದಾಗ ಪೋಲೆಂಡ್, ಮೆಕ್ಸಿಕೊ, ಕೋಸ್ಟರಿಕಾಗಳಿಗೆ, ನಮ್ಮ ಭಾರತಕ್ಕೂ ವಿಮಾನ ಹತ್ತಿದರು. ಸಾವಿರಾರು ಡಾಲರು ಖರ್ಚು. ಅದರ ಮೇಲೆ ಅಪಾಯ ಬೇರೆ. ಇಂಥ ಚಿಕಿತ್ಸೆಯಾದವರಲ್ಲಿ ಪಾರ್ಶ್ವವಾಯು, ನಾಳಕ್ಕೆ ಪೆಟ್ಟು, ಸಾವು ಕೂಡ ವರದಿಯಾಗಿದೆ ಎಂದು ಅಮೆರಿಕದ ಔಷಧ ಆಡಳಿತ 2012ರ ಮೇ ತಿಂಗಳಲ್ಲಿ ಎಚ್ಚರಿಕೆ ಕೊಟ್ಟಿತು.

ಬೇರೆ ಡಾಕ್ಟರುಗಳು ಸುಮ್ಮನೆ ಕೂರಲಿಲ್ಲ. ಕೆನಡಾದವರು ರೋಗಿಗಳನ್ನು, ಅವರ ಒಡಹುಟ್ಟಿದವರನ್ನು, ಸಂಬಂಧವೇ ಇಲ್ಲದವರನ್ನು ಪರೀಕ್ಷಿಸಿ 2013ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು: ಕಿರಿದಾದ ನಾಳ ಮೂರೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣ! ಇಂಥ ಲೇಖನ ಒಂದರ ಹಿಂದೊಂದು ಬಂದವು. ‘ಝಂಬೋನಿ ಹೇಳಿದ್ದು ನಮಗೆ ಕಾಣಲಿಲ್ಲ’ ಎಂದು ಬರೆಯಬೇಕಾದರೂ ಮೊದಲು ಝಂಬೋನಿ ಹೆಸರು ಬರೆಯಬೇಕಲ್ಲ! 2009ರ ಲೇಖನಕ್ಕೆ ನೂರಾರು ಉಲ್ಲೇಖ ಜಮಾ ಆಯಿತು. ಯಂತ್ರಕ್ಕೆ ಹೊಗಳಿದ್ದು ಯಾವುದು, ಅಲ್ಲಗಳೆದದ್ದು ಯಾವುದು ಎಂಬ ಭೇದ ಇಲ್ಲ.

ಎಲ್ಲ ಉಲ್ಲೇಖವೂ ಹಾಗೆ ಅಂತಲ್ಲ ಬಿಡಿ. ಅಮೆರಿಕದ ಡಾ. ಜಾನ್ ಕುರ್ಟ್ಸ್ಕೆ 1983ರಲ್ಲಿ ಈ ಕಾಯಿಲೆಯ ತೀವ್ರತೆ ಅಳೆಯಲು ಸೊನ್ನೆಯಿಂದ 10ರವರೆಗಿನ ಅಳತೆಗೋಲು ಕೊಟ್ಟರು. ಒಂದು ಕೋಲು ಹಿಡಿದು 100 ಮೀಟರ್ ನಡೆದರೆ 6. ಅಂದರೆ ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿ. ಹೊಸ ಔಷಧಿ ಪರೀಕ್ಷಿಸುವವರೆಲ್ಲ ಇದನ್ನೇ ಬಳಸುತ್ತಾ ಬಂದರು. ಆ ಲೇಖನದ ಉಲ್ಲೇಖ ಸಾವಿರಗಟ್ಟಲೆ. ನಡಿಗೆಗೇ ತೂಕ ಜಾಸ್ತಿ, ಕೈ ಸೋತವರ ಕಷ್ಟ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ ಎಂಬ ತಕರಾರೂ ಇದೆ. ಆದರೂ ಕೆಲಸಕ್ಕೆ ಬರುವ ಕೋಲು ಅದು.

ಝಂಬೋನಿ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಹಟ ಹಿಡಿದು ಕೂರಲಿಲ್ಲ ಆ ಮನುಷ್ಯ. ತಮ್ಮ ಚಿಕಿತ್ಸೆಯನ್ನು ತಾವೇ ಮುಂದೆ ನಿಂತು ಪರೀಕ್ಷೆಗೆ ಒಡ್ಡಿದರು. 115 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಬಲೂನು, ಉಳಿದವರಿಗೆ ಬರೀ ತೋರಿಕೆಯ ಚಿಕಿತ್ಸೆ. ಯಾರಿಗೆ ಯಾವುದು ಅಂತ ರೋಗಿಗೆ ಗೊತ್ತಿಲ್ಲ. 2017ರಲ್ಲಿ ಫಲಿತಾಂಶ ಬಂತು: ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಈ ಕಾಯಿಲೆಯವರಿಗೆ ಶಿಫಾರಸು ಮಾಡುವಂತಿಲ್ಲ. ಬರೆದವರ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ.

ಈ ಲೇಖನಕ್ಕೂ ಉಲ್ಲೇಖ ಬಂದಿದೆ. 2009ರದಕ್ಕೆ ಬಂದಷ್ಟಿಲ್ಲ.