ಬಂಡೆಯೇರುವ ಪುಟ್ಟ ಜೀಪು

ರೇಡಿಯೋ ಎಂದೊಡನೆ ನಮಗೆ ನೆನಪಾಗುವುದು ಹಾಡು, ವಾರ್ತೆ, ಭಾಷಣ. ಆದರೆ ಅಲೆಗಳ ಮೇಲೆ ಮಾತನ್ನು ಕಳುಹಿಸುವಂತೆಯೇ ಅಪ್ಪಣೆಯನ್ನೂ ಕಳುಹಿಸಬಹುದು. 1898ರಲ್ಲಿ ನಿಕೊಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಸಣ್ಣ ದೋಣಿಯನ್ನು ತೇಲಿಬಿಟ್ಟು, ದೂರದಲ್ಲಿ ನಿಂತು, ಯಾವ ತಂತಿಯ ಸಂಬಂಧವೂ ಇಲ್ಲದೆ ಅದನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದ. ಮನೆಮನೆಗೆ ಸಂಗೀತ ಪ್ರಸಾರವಾಗುವುದಕ್ಕೆ ಎರಡು ದಶಕಗಳಿಗೂ ಹಿಂದಿನ ಮಾತು ಇದು.

ಆ ದೋಣಿಯ ವಂಶದಲ್ಲಿ ಹುಟ್ಟಿದ ಒಂದು ನೆಲದ ಗಾಡಿಯ ವಿಷಯ ಈಗ ಹೇಳಬೇಕಾಗಿದೆ. ಇದಕ್ಕೆ ‘ಕ್ರಾಲರ್’ ಎಂದು ಹೆಸರು. ತೆವಳುವ ಗಾಡಿ ಎಂದು ಅರ್ಥ. ರೇಡಿಯೋ ಅಪ್ಪಣೆಯಿಂದ ಓಡುವ ಆಟದ ಕಾರುಗಳನ್ನು ನೀವು ನೋಡಿರುತ್ತೀರಿ. ಗುಂಡಿ ಒತ್ತಿದರೆ ಬಾಣದಂತೆ ಹೋಗಿ ಗೋಡೆಗೆ ಬಡಿಯುತ್ತವೆ. ಕ್ರಾಲರಿನ ಸ್ವಭಾವ ಬೇರೆ. ಅಮೆರಿಕದ ಪಶ್ಚಿಮ ಸೀಮೆಯ ಬೆಟ್ಟಗಾಡಿನಲ್ಲಿ ದೊಡ್ಡ ಜೀಪುಗಳನ್ನು ಬಂಡೆಗಳ ಮೇಲೆ ಅಂಗುಲ ಅಂಗುಲವಾಗಿ ಹತ್ತಿಸುವ ವಿನೋದವೊಂದಿದೆ. ಅದರ ಚಿಕ್ಕ ಪಡಿಯಚ್ಚು ಇದು. ಸಾಮಾನ್ಯವಾಗಿ ನಿಜವಾದ ಗಾಡಿಯ ಹತ್ತನೆಯ ಒಂದು ಅಳತೆ. ತಯಾರಿ ಕಿಟ್ಟುಗಳು ಬೇಕಾದಷ್ಟು ಸಿಗುತ್ತವೆ. ಆದರೆ ತನಗೆ ಬೇಕಾದ ಗಾಡಿಯನ್ನು ತಾನೇ ಅಳೆದು ಕಟ್ಟಿಕೊಳ್ಳುವುದರಲ್ಲಿರುವ ರುಚಿಯೇ ಬೇರೆ. ಅದರಲ್ಲಿರುವ ತೊಡಕೂ ಬೇರೆ.

ನಾನು ಆರಿಸಿಕೊಂಡದ್ದು ಮಲೆನಾಡಿನವರೆಲ್ಲ ಬಲ್ಲ ಹಳೆಯ ಜೀಪು, ವಿಲಿಸ್ ಕಂಪನಿಯ ನಕ್ಷೆಯಂತೆ ಮಹೀಂದ್ರದವರು ದಶಕಗಳ ಕಾಲ ನಮ್ಮ ದೇಶದಲ್ಲಿ ತಯಾರಿಸಿದ ಸಿ.ಜೆ. 3ಬಿ. ಅದರ ಮುಂದಿನ ಹಿಂದಿನ ಚಕ್ರಗಳ ನಡುವಣ ದೂರ 80 ಇಂಚು. ಎಡಬಲ ಚಕ್ರಗಳ ನಡುವಣ ಅಗಲ ಸುಮಾರು 48 ಇಂಚು. ಹತ್ತರಿಂದ ಭಾಗಿಸಿದರೆ ಉದ್ದ 20 ಸೆಂಟಿಮೀಟರು, ಅಗಲ 12 ಸೆಂಟಿಮೀಟರು ಎಂದಾಯಿತು. ತೊಂದರೆ ಇಲ್ಲಿಂದಲೇ ಆರಂಭ. ಅಂಗಡಿಯ ಕ್ರಾಲರುಗಳು ಬಹುಮಟ್ಟಿಗೆ 30 ಸೆಂಟಿಮೀಟರಿಗೂ ಮೀರಿದ ಉದ್ದದವು, ಕಾಲನ್ನು ಅಗಲಿಸಿ ನಿಲ್ಲುವಂಥವು. ನಮ್ಮ ಜೀಪೋ ಗಿಡ್ಡ, ಸಪೂರ. ರೂಪಕ್ಕೆ ನಿಷ್ಠರಾಗಿದ್ದರೆ ಬಂಡೆಯ ಮೇಲೆ ಮಗುಚುತ್ತದೆ. ಮಗುಚಬಾರದೆಂದು ಅಗಲ ಮಾಡಿದರೆ ಜೀಪಿನ ಮುಖವೇ ಹೋಗಿಬಿಡುತ್ತದೆ. ಈ ಜಗಳವನ್ನು ಹೇಗೆ ತೀರಿಸುವುದು?

ಮೊದಲು ಮನಸ್ಸಿನಿಂದ ಒಂದು ತಪ್ಪು ಎಣಿಕೆಯನ್ನು ತೆಗೆದುಹಾಕಬೇಕು. ಹತ್ತುವುದಕ್ಕೆ ಬಲವಾದ ಮೋಟಾರು ಬೇಕೆಂದು ಎಲ್ಲರೂ ತಿಳಿಯುತ್ತಾರೆ. ಸಾಧಾರಣ ಮೋಟಾರೇ ಸಾಕು. ಅದರ ವೇಗವನ್ನು ತಗ್ಗಿಸಿದರೆ ಬಲ ತಾನಾಗಿ ಬರುತ್ತದೆ. ಮೂರೂವರೆ ಸೆಂಟಿಮೀಟರು ದಪ್ಪದ ಒಂದು ಸಣ್ಣ ಮೋಟಾರು ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳಿ. ಗೇರುಗಳ ಮೂಲಕ ಅದನ್ನು ನಲವತ್ತರಲ್ಲಿ ಒಂದಕ್ಕೆ ಇಳಿಸಿದರೆ ಚಕ್ರ ತಿರುಗುವುದು ನಿಮಿಷಕ್ಕೆ 300 ಸುತ್ತು. ಚಕ್ರದ ಅಡ್ಡಳತೆ 9 ಸೆಂಟಿಮೀಟರಾದರೆ ಗಾಡಿಯ ವೇಗ ಗಂಟೆಗೆ ಸುಮಾರು 5 ಕಿಲೋಮೀಟರು. ನೀವು ಪಕ್ಕದಲ್ಲಿ ನಡೆದುಕೊಂಡು ಹೋಗಬಹುದು. ವೇಗದಲ್ಲಿ ಕಳೆದುಕೊಂಡದ್ದು ತಿರುಚುಬಲವಾಗಿ ಚಕ್ರಕ್ಕೆ ಬಂದು ಸೇರುತ್ತದೆ, ಹಲ್ಲುಗಳ ಉಜ್ಜಾಟಕ್ಕೆ ಹೋದ ಪಾಲೊಂದನ್ನು ಬಿಟ್ಟು.

ನಿಜವಾದ ಜೀಪಿನ ಟೈರನ್ನು ಹತ್ತರಿಂದ ಭಾಗಿಸಿದರೆ 7 ಸೆಂಟಿಮೀಟರು ಚಿಲ್ಲರೆ ಬರುತ್ತದೆಯಲ್ಲ, 9 ಏಕೆ ಎಂದು ಕೇಳುವಿರಿ. ಈ ಒಂದು ಕಡೆ ನಾನು ರಾಜಿಯಾದೆ. ಆಕ್ಸಲ್ಲಿನ ನಡುವಣ ಗೇರಿನ ಗುಂಡನ್ನು ಅಳತೆಗೆ ಸರಿಯಾಗಿ ಚಿಕ್ಕದು ಮಾಡುವಂತಿಲ್ಲ. ಮಾಡಿದರೆ ಹಲ್ಲು ಮುರಿಯುತ್ತದೆ. ಗುಂಡು ದಪ್ಪವಾದ ಮೇಲೆ ಚಕ್ರವೂ ತುಸು ಎತ್ತರವಾಗಬೇಕು. ಇಲ್ಲದಿದ್ದರೆ ಅದೇ ಕಲ್ಲಿಗೆ ತಗಲಿ ಗಾಡಿ ಕುಳಿತುಬಿಡುತ್ತದೆ.

ಆಕ್ಸಲ್ಲಿನೊಳಗೆ ಡಿಫರೆನ್ಷಿಯಲ್ ಇಡಬೇಡಿ. ಕೆಸರಿನಲ್ಲಿ ಸಿಕ್ಕಿಬಿದ್ದ ಲಾರಿಯನ್ನು ನೆನೆಯಿರಿ: ಒಂದು ಚಕ್ರ ಗಿರ್ರನೆ ತಿರುಗುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಲೆಂದು ಮಾಡಿದ ಏರ್ಪಾಡು ಹಿಡಿತ ತಪ್ಪಿದ ಚಕ್ರಕ್ಕೇ ಎಲ್ಲ ಸುತ್ತನ್ನೂ ಕೊಟ್ಟುಬಿಡುವುದರ ಫಲ ಅದು. ಬಂಡೆಯ ಮೇಲೆ ಒಂದಲ್ಲ ಒಂದು ಚಕ್ರ ಗಾಳಿಯಲ್ಲಿ ತೂಗುತ್ತಲೇ ಇರುತ್ತದೆ. ಆದ್ದರಿಂದ ಎಡಬಲ ಚಕ್ರಗಳನ್ನು ಒಂದೇ ದಂಡಕ್ಕೆ ಬಿಗಿದು ಜೊತೆಯಲ್ಲೇ ತಿರುಗಿಸಬೇಕು. ತಿರುಗಲು ಜಾಗ ಸ್ವಲ್ಪ ಹೆಚ್ಚು ಬೇಕಾದೀತು. ಅದು ದೊಡ್ಡ ನಷ್ಟವಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಜವಾದ ಜೀಪು ಹೆಚ್ಚು ಕಡಮೆ ಒಂದು ಟನ್ನು. ಉದ್ದ, ಅಗಲ, ಎತ್ತರ ಮೂರೂ ಹತ್ತನೆಯ ಒಂದಾದರೆ ತೂಕ ಸಾವಿರದ ಒಂದಾಗಿ ಒಂದು ಕಿಲೋಗ್ರಾಮಿಗೆ ಬರಬೇಕು. ಮೋಟಾರು, ಬ್ಯಾಟರಿ, ಆಕ್ಸಲ್ಲುಗಳೆಲ್ಲ ಸೇರಿ ನನ್ನದು ಎರಡನ್ನು ದಾಟಿತು. ತೂಕ ಹೆಚ್ಚಾದರೆ ಹಿಡಿತ ಹೆಚ್ಚುತ್ತದೆಂದು ಕೆಲವರು ಸಮಾಧಾನ ಹೇಳುತ್ತಾರೆ. ಹಿಡಿತವೇನೋ ಹೆಚ್ಚುತ್ತದೆ, ಎಳೆಯಬೇಕಾದ ಹೊರೆಯೂ ಅಷ್ಟೇ ಹೆಚ್ಚುತ್ತದೆ. ಲೆಕ್ಕ ಸರಿಗೆ ಸರಿ. ಫಲ ಕೊಡುವುದು ತೂಕ ಇರುವ ಜಾಗ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಒಂದು ಒರಟು ಹಲಗೆಯ ಮೇಲೆ ಗಾಡಿಯನ್ನು ಅಡ್ಡಲಾಗಿ ನಿಲ್ಲಿಸಿ. ಕೆಳಗಿನ ಚಕ್ರಗಳು ಜಾರದಂತೆ ತೆಳ್ಳನೆಯ ರಿಪೀಸು ಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಿ. ಹಲಗೆಯ ಒಂದು ಅಂಚನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಮೇಲಿನ ಚಕ್ರಗಳು ಹಲಗೆಯನ್ನು ಬಿಟ್ಟೇಳುವ ಕ್ಷಣದಲ್ಲಿ ನಿಲ್ಲಿಸಿ, ಶಾಲೆಯ ಹುಡುಗರ ಕೋನಮಾಪಕಕ್ಕೆ ದಾರದಲ್ಲಿ ಗುಂಡು ಕಟ್ಟಿ ಇಳಿಜಾರನ್ನು ಅಳೆಯಿರಿ. ಮೊದಲ ದಿನ ನನ್ನ ಜೀಪು 35 ಡಿಗ್ರಿಗೇ ಕಾಲೆತ್ತಿತು. ಚಕ್ರಗಳ ನಡುವಣ ಅಗಲದಲ್ಲಿ ಅರ್ಧ 6 ಸೆಂಟಿಮೀಟರು. ಲೆಕ್ಕ ಹಾಕಿದರೆ ಗುರುತ್ವಕೇಂದ್ರ ನೆಲದಿಂದ ಎಂಟೂವರೆ ಸೆಂಟಿಮೀಟರು ಎತ್ತರದಲ್ಲಿತ್ತು. ಅದನ್ನು ಎರಡು ಸೆಂಟಿಮೀಟರು ಇಳಿಸಿದರೆ 43 ಡಿಗ್ರಿಯವರೆಗೆ ನಿಲ್ಲುತ್ತದೆ. ಚಕ್ರಗಳನ್ನು ಒಂದು ಕೂದಲಿನಷ್ಟೂ ಅಗಲಿಸದೆ ಎಂಟು ಡಿಗ್ರಿ ಸಂಪಾದನೆ!

ಇಳಿಸುವುದು ಹೇಗೆ? ಹಿತ್ತಾಳೆಯಿಂದ. ಚಕ್ರದ ಒಳಗೆ, ಆಕ್ಸಲ್ಲಿನ ತುದಿಗಳಲ್ಲಿ, ಗೇರಿನ ಗುಂಡಿನ ಮುಚ್ಚಳದಲ್ಲಿ ಪ್ಲಾಸ್ಟಿಕ್ಕಿಗೆ ಬದಲಾಗಿ ಹಿತ್ತಾಳೆಯ ತುಂಡುಗಳನ್ನು ಕೂರಿಸಬೇಕು. ಸ್ಪ್ರಿಂಗುಗಳಿಗಿಂತ ಕೆಳಗಿರುವ ಈ ತೂಕ ಮೈಯನ್ನು ತೂಗಾಡಿಸುವುದಿಲ್ಲ. ಮುಂದಿನ ಆಕ್ಸಲ್ಲಿಗೆ ಹೆಚ್ಚು ಪಾಲು ಕೊಡಿ. ಗಾಡಿ 35 ಡಿಗ್ರಿಯ ಏರನ್ನು ಹತ್ತುವಾಗ ಭಾರ ಹಿಂದಕ್ಕೆ ಸರಿದು, ಸಮತೂಕದ ಗಾಡಿಯ ಮುಂದಿನ ಚಕ್ರಗಳಿಗೆ ಉಳಿಯುವುದು ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು. ಮಟ್ಟನೆಲದಲ್ಲಿ ನೂರಕ್ಕೆ ಅರವತ್ತು ಪಾಲು ಮುಂದೆ ಇರುವಂತೆ ಮಾಡಿಕೊಂಡರೆ, ಅದೇ ಏರಿನಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಉಳಿದು ಮೂತಿ ನೆಲ ಕಚ್ಚಿಕೊಂಡಿರುತ್ತದೆ. ಇಲ್ಲಿ 3ಬಿ ಜೀಪಿನ ಎತ್ತರದ ಬಾನೆಟ್ಟು ಉಪಕಾರಕ್ಕೆ ಬಂತು. ಹೊಸ ಮಾದರಿಯ ಎತ್ತರದ ಎಂಜಿನ್ನನ್ನು ಹಿಡಿಸಲೆಂದು ವಿಲಿಸಿನವರು ಅದನ್ನು 1953ರಲ್ಲಿ ಉಬ್ಬಿಸಿದ್ದರು. ಆ ಉಬ್ಬಿನ ಅಡಿಯಲ್ಲಿ, ಛಾಸಿಯ ಪಟ್ಟಿಗಳ ನಡುವೆ ತಗ್ಗಿನಲ್ಲಿ, ನನ್ನ ಬ್ಯಾಟರಿ ಮಲಗಿದೆ.

ಟೈರಿನೊಳಗೆ ಗಾಳಿಯ ಒತ್ತಡವಿಲ್ಲ, ಸ್ಪಂಜು ಇರುತ್ತದೆ. ಅದು ಮೆತ್ತಗಿದ್ದಷ್ಟೂ ರಬ್ಬರು ಕಲ್ಲಿನ ಉಬ್ಬುತಗ್ಗನ್ನು ಅಪ್ಪುತ್ತದೆ. ತೀರ ಮೆತ್ತಗಾದರೆ ಪಕ್ಕಕ್ಕೆ ಬಾಗಿ ಗಾಡಿಯನ್ನು ಉರುಳಿಸುತ್ತದೆ. ಎರಡು ಮೂರು ಬಗೆಯನ್ನು ಹಾಕಿ ನೋಡದೆ ಇದು ತಿಳಿಯುವುದಿಲ್ಲ.

ಇನ್ನು ರೇಡಿಯೋ. ಹಿಂದೆ ಈ ಗಾಡಿಗಳು 27 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತಿದ್ದುವು. ಅಲೆಯುದ್ದ 11 ಮೀಟರು. ಕೈಯಲ್ಲಿ ಮೀನು ಹಿಡಿಯುವ ಗಾಳದ ಕೋಲಿನಂಥ ಏರಿಯಲ್ಲು. ಒಂದೇ ಬಗೆಯ ಹರಳು ಹಾಕಿದ ಇಬ್ಬರು ಒಂದೆಡೆ ಸೇರಿದರೆ ಒಬ್ಬನ ಅಪ್ಪಣೆಗೆ ಇನ್ನೊಬ್ಬನ ಗಾಡಿ ಓಡುತ್ತಿತ್ತು. ಇಂದಿನವು 2.4 ಗಿಗಾಹರ್ಟ್ಸಿನವು, ಅಲೆಯುದ್ದ ಹನ್ನೆರಡೂವರೆ ಸೆಂಟಿಮೀಟರು ಮಾತ್ರವಾದ್ದರಿಂದ ಮೂರು ಸೆಂಟಿಮೀಟರಿನ ತಂತಿಯ ತುಣುಕೇ ಏರಿಯಲ್ಲಾಗುತ್ತದೆ. ಪ್ರತಿ ಪ್ರೇಷಕಕ್ಕೂ ತನ್ನದೇ ಗುರುತಿನ ಸಂಖ್ಯೆಯಿದ್ದು, ಗ್ರಾಹಕಯಂತ್ರ ಆ ಗುರುತಿಲ್ಲದ ಅಪ್ಪಣೆಗೆ ಕಿವಿಗೊಡುವುದಿಲ್ಲ. ಚಕ್ರ ತಿರುಗಿಸುವ ‘ಸರ್ವೋ’ ಎಂಬ ಪುಟ್ಟ ಯಂತ್ರಕ್ಕೆ ಹೋಗುವ ಅಪ್ಪಣೆ ಬಹು ಸರಳ: ಸೆಕೆಂಡಿಗೆ ಐವತ್ತು ಬಾರಿಯಂತೆ ವಿದ್ಯುತ್ತಿನ ಒಂದೊಂದು ಮಿಡಿತ. ಮಿಡಿತ ಒಂದೂವರೆ ಮಿಲಿಸೆಕೆಂಡು ಇದ್ದರೆ ಚಕ್ರ ನೇರ; ಒಂದಕ್ಕೆ ಇಳಿದರೆ ಒಂದು ಪಕ್ಕ, ಎರಡಕ್ಕೆ ಏರಿದರೆ ಇನ್ನೊಂದು ಪಕ್ಕ.

ಈ ಸರ್ವೋ ನನಗೊಮ್ಮೆ ಚೆನ್ನಾಗಿ ಬುದ್ಧಿ ಕಲಿಸಿತು. ಮುಂಗಾಲು ಬಂಡೆಯ ಸೀಳಿಗೆ ಸಿಕ್ಕಿದಾಗಲೆಲ್ಲ ಗಾಡಿ ಅರೆಕ್ಷಣ ಸತ್ತಂತಾಗಿ, ಹಿಡಿತ ಬಿಟ್ಟು ಹಿಂದಕ್ಕೆ ಉರುಳಿ, ಆಮೇಲೆ ಏನೂ ಆಗದಂತೆ ಏಳುತ್ತಿತ್ತು. ರೇಡಿಯೋ ಕೆಟ್ಟಿದೆಯೆಂದು ವಾರವೆಲ್ಲ ಅದನ್ನೇ ಬಿಚ್ಚಿ ಕಟ್ಟಿದೆ. ತಪ್ಪು ಬೇರೆಡೆ ಇತ್ತು. ತಡೆಗೆ ಸಿಕ್ಕಿದ ಸರ್ವೋ ತಿರುಗಲಾರದೆ ವಿಪರೀತ ವಿದ್ಯುತ್ತನ್ನು ಎಳೆಯುತ್ತದೆ. ಆಗ ಅದೇ ತಂತಿಯಿಂದ ಉಣ್ಣುವ ಗ್ರಾಹಕಕ್ಕೆ ವೋಲ್ಟೇಜು ಕುಸಿದು ಅದು ಮೂರ್ಛೆ ಹೋಗುತ್ತದೆ. ಸರ್ವೋಗೆ ಬೇರೆಯೇ ಒಂದು ವೋಲ್ಟೇಜು ಇಳಿಸುವ ಸಾಧನವನ್ನು ಬ್ಯಾಟರಿಯಿಂದ ನೇರವಾಗಿ ಕೊಟ್ಟ ದಿನ ರೋಗ ವಾಸಿಯಾಯಿತು. ನೀವು ಮೊದಲೇ ಕೊಟ್ಟುಬಿಡಿ.

ಬ್ಯಾಟರಿ ಲಿಥಿಯಂ ಜಾತಿಯದು. ಒಂದೊಂದು ಕೋಶಕ್ಕೂ 4.2 ವೋಲ್ಟು ಮೇಲಿನ ಮಿತಿ, 3 ವೋಲ್ಟು ಕೆಳಗಿನ ಮಿತಿ. ಮೇಲಿನದನ್ನು ಮೀರಿದರೆ ಬೆಂಕಿಯ ಭಯ, ಕೆಳಗಿನದನ್ನು ಮೀರಿದರೆ ಕೋಶ ಕೆಡುತ್ತದೆ. ಚಾರ್ಜಿಗೆ ಹಾಕಿ ಸಂತೆಗೆ ಹೋಗಬೇಡಿ. ಮಕ್ಕಳಿರುವ ಮನೆಯಲ್ಲಂತೂ ಅದು ಹಿರಿಯರ ಕೆಲಸವಾಗಿಯೇ ಇರಲಿ.

ಮೈಯನ್ನು ಪಾಲಿಕಾರ್ಬೊನೇಟಿನ ತೆಳು ಹಾಳೆಯಿಂದ ಮಾಡಿ. ದಪ್ಪ ಪ್ಲಾಸ್ಟಿಕ್ಕಿನ ಮೈ ನೋಡಲು ಚೆನ್ನ, ಆದರೆ ಹಿತ್ತಾಳೆ ಕೆಳಗೆ ಗಳಿಸಿದ್ದನ್ನೆಲ್ಲ ಅದು ಮೇಲೆ ನಿಂತು ಕಳೆದುಬಿಡುತ್ತದೆ. ಪಾರದರ್ಶಕವಾದ ಈ ಹಾಳೆಗೆ ಬಣ್ಣವನ್ನು ಒಳಗಡೆಯಿಂದ ಬಳಿಯುತ್ತಾರೆ. ಹೊರಗೆ ಎಷ್ಟು ಉಜ್ಜಿದರೂ ಬಣ್ಣ ಏಳುವುದಿಲ್ಲ. ಚಾಲಕನ ಗೊಂಬೆಯನ್ನು ಸೊಂಟದವರೆಗೆ ಮಾತ್ರ, ಒಳಗೆ ಟೊಳ್ಳಾಗಿ ಮಾಡಿದರೆ ಸಾಕು. ಮುಂದಿನ ಗಾಜಿನ ಚೌಕಟ್ಟನ್ನು, ನಿಜವಾದ ಜೀಪಿನಲ್ಲಿ ಮಡಿಸುವಂತೆಯೇ, ಬಾನೆಟ್ಟಿನ ಮೇಲೆ ಮಡಿಸಿಡಿ. ನಾನು ಹಾಗೆ ಮಡಿಸಿದ ಮೇಲೆ ಹಲಗೆಯ ಪರೀಕ್ಷೆಯಲ್ಲಿ ಇನ್ನೂ ಅರ್ಧ ಡಿಗ್ರಿ ಸಿಕ್ಕಿತು.