ಕ್ಲಚ್ ಕೇಳುತ್ತಿದ್ದ ಪ್ರಶ್ನೆ

ಐಟಿಐ ಮುಗಿಸಿ ಒಂದೂವರೆ ವರ್ಷ ಕೆಲಸಕ್ಕಾಗಿ ಅಲೆದು ಕೊನೆಗೆ ನಾನು ಸೇರಿದ್ದು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿರುವ ಒಂದು ಆಟೊ ಎಲೆಕ್ಟ್ರಿಕಲ್ ಅಂಗಡಿಗೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಇದೆಯಲ್ಲ, ಹಾಗೆ ರಾತ್ರಿ ತಡೆದು ನಿಂತ ಗಾಡಿಗಳಲ್ಲಿ ಒಂದೆರಡು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಲೈಟ್ ಹಾಕಿಕೊಂಡೇ ಮಲಗಿರುತ್ತಾರೆ, ಬ್ಯಾಟರಿ ಇಳಿದಿರುತ್ತದೆ. ನಮ್ಮ ಅಂಗಡಿಯ ಬೋಣಿ ಆಗುತ್ತಿದ್ದುದೇ ಅಂಥ ಗಾಡಿಗಳಿಂದ.

ಆರು ತಿಂಗಳಲ್ಲಿ ಹಾರ್ನ್, ಸ್ಟೀರಿಯೊ, ಸೆಂಟ್ರಲ್ ಲಾಕ್ ಎಲ್ಲ ಕೂರಿಸುವುದನ್ನು ಕಲಿತೆ. ನನಗೆ ಎಲ್ಲ ಗೊತ್ತು ಅನ್ನಿಸತೊಡಗಿದ್ದೂ ಆಗಲೇ.

ಚಾಮರಾಜನಗರದ ರಾಮಸಮುದ್ರದಲ್ಲಿ ನನ್ನ ಸೋದರಮಾವನ ಮನೆ. ಮಾವ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದರು. ಪೆಟ್ರೋಲ್, ಮ್ಯಾನುವಲ್ ಗೇರ್. ಅಜ್ಜಿಗೆ ಮಂಡಿನೋವು, ಕಣ್ಣಿಗೆ ಪೊರೆ. ಮೈಸೂರಿಗೆ ತೋರಿಸಲು ಕರೆದುಕೊಂಡು ಹೋಗುವಾಗಲೆಲ್ಲ ಬಿಸಿಲಲ್ಲಿ ಕಾದ ಕಾರಿಗೆ ಕೂರಿಸಿದರೆ ತಲೆ ಸುತ್ತು. ಒಂದು ದಿನ ಮಾವ ಫೋನ್ ಮಾಡಿದರು. "ಅಳಿಯ, ರಿಮೋಟ್ ಸ್ಟಾರ್ಟರ್ ಅಂತ ಬಂದದ. ಆನ್‌ಲೈನಲ್ಲಿ ತರ್ಸಿದ್ದೀನಿ. ಮನೆ ಒಳಗಿಂದ ಬಟನ್ ಒತ್ತಿದ್ರೆ ಕಾರು ಸ್ಟಾರ್ಟ್ ಆಗಿ ಏಸಿ ಓಡ್ತದಂತ. ಬಂದು ಹಾಕ್ಕೊಡು."

ಮೇಸ್ತ್ರಿಯನ್ನು ಕೇಳಲಿಲ್ಲ. ಭಾನುವಾರ ತೆರಕಣಾಂಬಿಯಲ್ಲಿ ಬಸ್ ಹತ್ತಿ ಚಾಮರಾಜನಗರಕ್ಕೆ ಹೋದೆ. ಜೇಬಿನಲ್ಲಿ ಟೇಪು, ಕಟಿಂಗ್ ಪ್ಲೈಯರ್, ಮೊಬೈಲಿನಲ್ಲಿ ನಾಲ್ಕು ವಿಡಿಯೊ.

ಕೆಲಸ ಕಷ್ಟವೇನೂ ಇರಲಿಲ್ಲ. ಕೀ ತಿರುಗಿಸಿದಾಗ ಆಗುವುದನ್ನೇ ಆ ಪೆಟ್ಟಿಗೆಯೂ ಮಾಡುತ್ತದೆ. ಮೊದಲು ಇಗ್ನಿಷನ್ ತಂತಿಗೆ 12 ವೋಲ್ಟ್ ಕೊಡುತ್ತದೆ, ಆಮೇಲೆ ಸ್ಟಾರ್ಟರ್ ತಂತಿಗೆ ಒಂದೆರಡು ಸೆಕೆಂಡು ಕೊಟ್ಟು ಬಿಡುತ್ತದೆ. ಎಲ್ಲ ಜೋಡಿಸಿ ಬಟನ್ ಒತ್ತಿದೆ. ಡ್ಯಾಶ್‌ಬೋರ್ಡ್ ದೀಪ ಹತ್ತಿತು, ಎಂಜಿನ್ ತಿರುಗಲಿಲ್ಲ. ಕ್ಲಚ್ ಪೆಡಲ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಕಾರು ಅದು. ಪೆಡಲ್ ಮೇಲೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ವಿಡಿಯೊದವನು ಅದಕ್ಕೂ ದಾರಿ ಹೇಳಿದ್ದ: ಸ್ವಿಚ್ಚಿನ ಎರಡು ತಂತಿ ಕತ್ತರಿಸಿ ಒಂದಕ್ಕೊಂದು ಸುತ್ತಿಬಿಡಿ. ಸುತ್ತಿದೆ. ಇಮ್ಮೊಬಿಲೈಸರ್ ಅಡ್ಡ ಬಂತು. ಎರಡನೇ ಕೀಯನ್ನು ಸ್ಟೀರಿಂಗ್ ಕೆಳಗೆ ಟೇಪ್ ಹಾಕಿ ಅಂಟಿಸಿದೆ. ಅದಕ್ಕೂ ವಿಡಿಯೊ ಇತ್ತು.

ಗಾಡಿ ನ್ಯೂಟ್ರಲ್‌ನಲ್ಲಿತ್ತು. ಬಟನ್ ಒತ್ತಿದೆ, ಎಂಜಿನ್ ಹತ್ತಿತು. ಬೀದಿಯ ಮಕ್ಕಳು ಚಪ್ಪಾಳೆ ಹೊಡೆದರು. ಅತ್ತೆ ಪಾಯಸ ಮಾಡಿದರು.

ಮಾವನ ಮನೆಯ ಅಂಗಳ ರಸ್ತೆಯಿಂದ ಜಗಲಿಯ ಕಡೆಗೆ ಸ್ವಲ್ಪ ಇಳಿಜಾರು. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ. ಹಾಗಾಗಿ ರಾತ್ರಿ ಕಾರು ನಿಲ್ಲಿಸಿದ ಮೇಲೆ ಮೊದಲನೇ ಗೇರಿಗೆ ಹಾಕಿ ಬಿಡುವುದು ಅವರ ಅಭ್ಯಾಸ. ನಮ್ಮಲ್ಲಿ ಬಹಳ ಜನ ಮಾಡುವುದೂ ಹಾಗೆಯೇ, ತಪ್ಪೇನಲ್ಲ. ನಾನು ಅದನ್ನು ಕೇಳಿಯೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮೈಸೂರಿಗೆ ಹೊರಡಬೇಕಿತ್ತು. ಅಜ್ಜಿ ಜಗಲಿಯ ಮುಂದಿನ ಮೆಟ್ಟಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು. "ಅಯ್ಯೋ, ಕನ್ನಡಕ ಮರ್ತೆ" ಎಂದು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಅವರು ಹೊಸ್ತಿಲು ದಾಟುವುದಕ್ಕೂ ಮಾವ ನಡುಮನೆಯಲ್ಲಿ ಬಟನ್ ಒತ್ತುವುದಕ್ಕೂ ಸರಿಹೋಯಿತು.

ಕಾರು ಜಿಗಿಯಿತು. ಗೇರಿನಲ್ಲಿದ್ದ ಗಾಡಿಯನ್ನು ಸ್ಟಾರ್ಟರ್ ಮೋಟಾರೇ ತಳ್ಳಿತು. ಎಂಜಿನ್ ಒಂದು ಕ್ಷಣ ಹತ್ತಿ, ಬಂಪರ್ ಮೆಟ್ಟಿಲ ಕಲ್ಲಿಗೆ ಬಡಿದು ಆರಿತು. ಅಜ್ಜಿಯ ಚೀಲ, ನೀರಿನ ಬಾಟಲಿ ಅದರಡಿ. ಆಮೇಲಿನದು ಇನ್ನೂ ಭಯಂಕರ. ಎಂಜಿನ್ ಹತ್ತಲಿಲ್ಲ ಎಂದು ಗೊತ್ತಾದರೆ ಕೆಲವು ಸೆಕೆಂಡು ಬಿಟ್ಟು ಮತ್ತೆ ಪ್ರಯತ್ನಿಸುವಂತೆ ಆ ಪೆಟ್ಟಿಗೆಯನ್ನು ಮಾಡಿರುತ್ತಾರೆ. ಕಾರು ಮತ್ತೊಮ್ಮೆ ಕಲ್ಲಿಗೆ ಗುದ್ದಿತು. ಮಾವನ ಕೈಯಿಂದ ರಿಮೋಟ್ ಬಿದ್ದು ಸೋಫಾ ಕೆಳಗೆ ಹೋಯಿತು. ನಾನು ಬಾಗಿಲು ತೆಗೆದು ಬ್ರೇಕ್ ತುಳಿದೆ. ಬ್ರೇಕಿನ ತಂತಿಯನ್ನು ಪೆಟ್ಟಿಗೆಗೆ ಜೋಡಿಸಿರಲೇ ಇಲ್ಲವಲ್ಲ, ಅದಕ್ಕೆ ಹೇಗೆ ತಿಳಿಯಬೇಕು? ಕೀ ಹಾಕಿ ತಿರುಗಿಸಿದರೂ ಉಪಯೋಗವಿಲ್ಲ, ಪೆಟ್ಟಿಗೆ ಕೀಯನ್ನೇ ದಾಟಿ ಕೆಲಸ ಮಾಡುತ್ತಿತ್ತು. ಮೂರನೇ ಸಲ ಶುರುವಾಗುವ ಮುನ್ನ ಡ್ಯಾಶ್ ಕೆಳಗೆ ಕೈ ಹಾಕಿ ತಂತಿಗಳ ಕಟ್ಟನ್ನೇ ಕಿತ್ತೆಳೆದೆ.

ಅಜ್ಜಿ ಕನ್ನಡಕ ಹಾಕಿಕೊಂಡು ಹೊರಗೆ ಬಂದರು. ಚೀಲ ನೋಡಿದರು, ನನ್ನನ್ನು ನೋಡಿದರು. "ನಿಂಗೇನೂ ಆಗ್ನಿಲ್ವಾ ಕೂಸು?" ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಮೇಸ್ತ್ರಿಗೆ ಎಲ್ಲ ಹೇಳಿದೆ. ಕೆಲಸ ಹೋಯಿತು ಅಂದುಕೊಂಡಿದ್ದೆ. ಅವರು ಟೀ ಮುಗಿಸುವವರೆಗೂ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಹ್ಯಾಂಡಲ್ ಹೊಡೆಯುವ ಕಾಲದ ಕಥೆ. ಅವರು ಹುಡುಗನಾಗಿದ್ದಾಗ ಲಾರಿ ಕ್ಲೀನರ್. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿಯೇ ಎಂಜಿನ್ ಹತ್ತಿಸಬೇಕು. ಎಂಜಿನ್ ಹಿಮ್ಮುಖ ಒದ್ದರೆ ಕೈ ಮುರಿಯುತ್ತದೆ, ಅದಕ್ಕೆ ಹೆಬ್ಬೆರಳನ್ನು ಹ್ಯಾಂಡಲ್‌ಗೆ ಸುತ್ತಬಾರದು. ಗೇರಿನಲ್ಲಿದ್ದರೆ ಲಾರಿಯೇ ಮೈಮೇಲೆ ಬರುತ್ತದೆ. "ಹ್ಯಾಂಡಲ್ ಮುಟ್ಟೋಕೆ ಮೊದ್ಲು ದಿನಾ ಕೂಗ್ತಿದ್ದೆ, ಅಣ್ಣಾ, ಗಾಡಿ ನ್ಯೂಟ್ರಲ್‌ನಲ್ಲಿ ಅದಾ? ಡ್ರೈವರ್ ಗೇರ್ ಅಲ್ಲಾಡ್ಸಿ ನೋಡಿ ಅದ ಅಂದ್ಮೇಲೇ ತಿರುಗ್ಸೋದು. ನೀನು ಕತ್ತರ್ಸಿದ್ಯಲ್ಲ ಆ ಕ್ಲಚ್ ಸ್ವಿಚ್, ಅದೂ ಅದನ್ನೇ ಕೇಳ್ತಿತ್ತು ಕನಯ್ಯ. ಸೀಟಲ್ಲಿ ಯಾರಾರ ಇದ್ದಾರಾ ಅಂತ. ನೀನು ಅದರ ಬಾಯಿ ಮುಚ್ಚಿಸ್ದೆ."

ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು ಎಂದು ಪುಸ್ತಕದಲ್ಲಿ ಓದಿದ್ದೆ. ಹ್ಯಾಂಡಲ್ ಹೊಡೆಯುವ ಅಪಾಯ ಅಲ್ಲಿಗೆ ತಪ್ಪಿತು. ಸ್ಟಾರ್ಟ್ ಮಾಡುವವನು ಗಾಡಿಯ ಮುಂದಿನಿಂದ ಸೀಟಿಗೆ ಬಂದ. ರಿಮೋಟ್ ಅವನನ್ನು ಸೀಟಿನಿಂದಲೂ ಎಬ್ಬಿಸಿ ಮನೆಯೊಳಗೆ ಕಳಿಸುತ್ತದೆ. ಅವನ ಕಾಲು, ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ತಂತಿಗಳು ಮಾಡಬೇಕು. ಆ ತಂತಿಗಳನ್ನೇ ನಾನು ಬಿಟ್ಟಿದ್ದೆ.

ಮಾವನ ಕಾರು ಅಂಗಡಿಗೆ ಬಂತು. ಆನ್‌ಲೈನ್ ಪೆಟ್ಟಿಗೆಯನ್ನು ಮೇಸ್ತ್ರಿ ಪಕ್ಕಕ್ಕಿಟ್ಟರು. ಮ್ಯಾನುವಲ್ ಗಾಡಿಗೆಂದೇ ಮಾಡಿದ ಬೇರೊಂದು ತರಿಸಿದರು. ಅದರ ಮತ್ತು ಬಂಪರಿನ ಖರ್ಚಿಗೆ ನನ್ನ ಎರಡು ತಿಂಗಳ ಉಳಿತಾಯ ಹೋಯಿತು. ಆ ವಾರ ನಾನು ಕಲಿತದ್ದು ಎರಡು ವರ್ಷದ ಕೋರ್ಸಿನಷ್ಟಿತ್ತು.

ಮೊದಲ ಪ್ರಶ್ನೆ, ಗಾಡಿ ನ್ಯೂಟ್ರಲ್‌ನಲ್ಲಿದೆ ಎಂದು ಪೆಟ್ಟಿಗೆಗೆ ತಿಳಿಯುವುದು ಹೇಗೆ? ಉಪಾಯ ಸರಳ. ಕಾರು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆಯಬೇಕು. ರಿಮೋಟ್ ಒತ್ತಿ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಇಳಿದು ಎಲ್ಲ ಬಾಗಿಲು ಮುಚ್ಚಿ ಲಾಕ್ ಮಾಡಿದ ಮೇಲೆ ಪೆಟ್ಟಿಗೆಯೇ ಎಂಜಿನ್ ಆರಿಸುತ್ತದೆ. ಕ್ಲಚ್ ಮೇಲೆ ಯಾರ ಕಾಲೂ ಇಲ್ಲದೆ, ಎಂಜಿನ್ ಓಡುತ್ತಾ ಗಾಡಿ ನಿಂತಿತ್ತು ಎಂದರೆ ಅದು ನ್ಯೂಟ್ರಲ್‌ನಲ್ಲೇ ಇರಬೇಕು. ಆಮೇಲೆ ಒಂದು ಬಾಗಿಲು ತೆರೆದರೂ ಲೆಕ್ಕ ರದ್ದು, ರಿಮೋಟ್ ಕೆಲಸ ಮಾಡುವುದಿಲ್ಲ. ಯಾರಾದರೂ ಒಳಗೆ ಕೈಹಾಕಿ ಗೇರ್ ಬದಲಿಸಿರಬಹುದಲ್ಲ. ಅದಕ್ಕೇ ಕಿಟಕಿಗಳೂ ಮೇಲಿರಬೇಕು. ಈ ಲೆಕ್ಕ ನಿಂತಿರುವುದು ಬಾಗಿಲಿನ ಸ್ವಿಚ್‌ಗಳ ಮೇಲೆ. ಮಾವನ ಕಾರಿನ ಹಿಂದಿನ ಎಡ ಬಾಗಿಲಿನ ಸ್ವಿಚ್ ಸತ್ತಿತ್ತು. ಮೊದಲು ಅದನ್ನು ಬದಲಿಸಿದೆವು.

ಕ್ಲಚ್ ಸ್ವಿಚ್ಚಿನ ತಂತಿಗಳನ್ನು ಮೊದಲಿನಂತೆ ಜೋಡಿಸಿದೆವು. ಪಕ್ಕದಲ್ಲಿ ಒಂದು ರಿಲೇ ಕೂರಿಸಿ, ರಿಮೋಟ್ ಸ್ಟಾರ್ಟ್ ಆಗುವ ಆ ಒಂದೆರಡು ಸೆಕೆಂಡು ಮಾತ್ರ ಅದು ಸ್ವಿಚ್ಚಿನ ಕೆಲಸ ಮಾಡುವಂತೆ ಮಾಡಿದೆವು. ಕೀಯಿಂದ ಸ್ಟಾರ್ಟ್ ಮಾಡುವಾಗ ಕ್ಲಚ್ ಒತ್ತಲೇಬೇಕು.

ಹ್ಯಾಂಡ್‌ಬ್ರೇಕ್ ಲಿವರಿನ ಸ್ವಿಚ್ಚಿನಿಂದ ಒಂದು ತಂತಿ, ಬಿಟ್ಟಿದ್ದರೆ ಸ್ಟಾರ್ಟ್ ಆಗಬಾರದು. ಆದರೆ ಆ ಸ್ವಿಚ್ ಹೇಳುವುದು ಲಿವರ್ ಮೇಲಿದೆ ಎಂದಷ್ಟೇ, ಚಕ್ರ ಹಿಡಿದಿದೆ ಎಂದಲ್ಲ. ಹಾಗಾಗಿ ಕೇಬಲ್ ಬಿಗಿ ಮಾಡಿಸಿದೆವು. ಬ್ರೇಕ್ ಪೆಡಲಿನಿಂದ ಒಂದು ತಂತಿ, ತುಳಿದ ತಕ್ಷಣ ಎಂಜಿನ್ ನಿಲ್ಲಬೇಕು. ಬಾನೆಟ್ ಕೆಳಗೆ ಒಂದು ಸ್ವಿಚ್, ತೆರೆದಿದ್ದರೆ ಸ್ಟಾರ್ಟ್ ಆಗಬಾರದು. ಅದು ಮೆಕ್ಯಾನಿಕ್‌ನ ಬೆರಳಿಗಾಗಿ. ಎಂಜಿನ್ ತಿರುಗುವ ವೇಗ ತಿಳಿಸುವ ಇನ್ನೊಂದು ತಂತಿ, ಎಂಜಿನ್ ಹತ್ತಿದ ಕೂಡಲೇ ಸ್ಟಾರ್ಟರ್ ಬಿಡಬೇಕು.

ಕೀ ಅಂಟಿಸಿದ್ದು ನೋಡಿ ಮೇಸ್ತ್ರಿ ನಕ್ಕರು. "ಕಳ್ಳನಿಗೆ ತಾಂಬೂಲ ಕೊಟ್ಟಿದ್ದೀಯ." ಅದರ ಬದಲು ಚಿಪ್ ಇರುವ ಸಣ್ಣ ಪೆಟ್ಟಿಗೆಯೊಂದನ್ನು ಹಾಕಿದರು. ರಿಮೋಟ್ ಸ್ಟಾರ್ಟ್ ಆಗುವಾಗ ಮಾತ್ರ ಅದಕ್ಕೆ ಜೀವ.

ನಾನು ಸುತ್ತಿ ಟೇಪ್ ಹಾಕಿದ್ದ ಜೋಡಣೆಗಳನ್ನು ಒಂದೊಂದೇ ಬಿಚ್ಚಿಸಿದರು. ಎಲ್ಲ ಬೆಸುಗೆ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ. ಬ್ಯಾಟರಿಯಿಂದ ಬರುವ ದಪ್ಪ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್. ದೂರ ಹಾಕಿದರೆ ನಡುವೆ ಉಜ್ಜಿ ಶಾರ್ಟ್ ಆದಾಗ ಸುಡುವುದು ತಂತಿ, ಫ್ಯೂಸ್ ಅಲ್ಲ. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಸ್ಟೀರಿಂಗ್ ಹತ್ತಿರದ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದರ ತಂಟೆಗೆ ಹೋಗಲೇಬಾರದು. ತಂತಿ ಹುಡುಕಲು ಟೆಸ್ಟ್ ಲ್ಯಾಂಪ್ ಚುಚ್ಚಬಾರದು, ಮಲ್ಟಿಮೀಟರ್ ಹಿಡಿಯಬೇಕು. ಯಾವ ತಂತಿಯೂ ಪೆಡಲಿಗೆ ಜೋತುಬೀಳಬಾರದು.

ಪರೀಕ್ಷೆ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಸ್ಟಾರ್ಟರ್ ಮೋಟಾರಿಗೆ ಹೋಗುವ ಸಣ್ಣ ತಂತಿಯನ್ನು ಬಿಚ್ಚಿ, ಅದರ ತುದಿಗೆ ಒಂದು ಬಲ್ಬ್ ಕಟ್ಟಿದರು. ಚಕ್ರಗಳಿಗೆ ಕಲ್ಲು ಕೊಟ್ಟೆವು. ಒಂದೊಂದೇ ತಪ್ಪನ್ನು ಬೇಕೆಂದೇ ಮಾಡಿ, ಪ್ರತಿ ಸಲವೂ ರಿಮೋಟ್ ಒತ್ತಿದೆ. ಎಡ ಬಾಗಿಲು ತೆರೆದೆ, ಬಲ ಬಾಗಿಲು, ಡಿಕ್ಕಿ, ಹ್ಯಾಂಡ್‌ಬ್ರೇಕ್ ಇಳಿಸಿದೆ, ಬಾನೆಟ್ ಎತ್ತಿದೆ. ಬಲ್ಬ್ ಒಮ್ಮೆಯೂ ಹತ್ತಲಿಲ್ಲ. ಭಾನುವಾರ ನಾನು ನೋಡಿದ್ದು ಸ್ಟಾರ್ಟ್ ಆಗುತ್ತದೆಯೇ ಎಂದು. ಮೇಸ್ತ್ರಿ ನೋಡಿದ್ದು ಸ್ಟಾರ್ಟ್ ಆಗಬಾರದ ಕಡೆ ಆಗದೆ ಇರುತ್ತದೆಯೇ ಎಂದು.

ಕೊನೆಗೆ ಮಾವನನ್ನು ಕೂರಿಸಿಕೊಂಡು ಹೇಳಿದರು. ಇಳಿಜಾರಿನಲ್ಲಿ ನಿಲ್ಲಿಸಿದರೆ ಎಂದಿನಂತೆ ಕೀ ತಿರುಗಿಸಿ ಆರಿಸಿ, ಗೇರಿಗೆ ಹಾಕಿ, ಕಲ್ಲು ಕೊಡಿ. ಆಗ ರಿಮೋಟ್ ತಾನಾಗಿ ಸುಮ್ಮನಿರುತ್ತದೆ. ರಿಮೋಟ್ ಬೇಕಿದ್ದರೆ ಸಮತಟ್ಟಾದ ಜಾಗದಲ್ಲಿ, ನ್ಯೂಟ್ರಲ್‌ನಲ್ಲಿ. ಮುಚ್ಚಿದ ಶೆಡ್ಡಿನಲ್ಲಿ ಬೇಡವೇ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಸ್ತೆಯಲ್ಲೂ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಿಂತಿದ್ದರೆ ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿ, ಗಾಡಿ ತಾನಾಗಿ ಚಲಿಸದಂತೆ ನೋಡಿಕೊಂಡಿರಬೇಕು.

ಈಗ ಕಾರು ಮನೆಯ ಪಕ್ಕದ ಹೊಂಗೆ ಮರದಡಿ, ಮಟ್ಟ ಮಾಡಿದ ಜಾಗದಲ್ಲಿ ನಿಲ್ಲುತ್ತದೆ. "ಏನಳಿಯ, ಹತ್ತು ಸಲ ಒತ್ತಿದ್ರೆ ನಾಕು ಸಲ ಆಗಲ್ಲ ಅಂತದಲ್ಲ ಇದು" ಎಂದು ಮಾವ ಗೊಣಗುತ್ತಾರೆ. ಬಾಗಿಲು ತೆಗೆದು ಏನನ್ನೋ ತೆಗೆದುಕೊಂಡಿರುತ್ತಾರೆ, ಮರೆತಿರುತ್ತಾರೆ. "ಆಗಲ್ಲ ಅನ್ನೋದಕ್ಕೇ ಮಾವ ಅಷ್ಟು ತಂತಿ ಹಾಕಿರೋದು" ಎನ್ನುತ್ತೇನೆ. ಅಜ್ಜಿ ಮಾತ್ರ ಇಂದಿಗೂ ಕಾರಿನ ಮುಂದೆ ಕೂರುವುದಿಲ್ಲ.

ಕಳೆದ ತಿಂಗಳು ನನ್ನದೇ ವಯಸ್ಸಿನ ಒಬ್ಬ ಅಂಗಡಿಗೆ ಬಂದ. ಕೈಯಲ್ಲಿ ಅದೇ ಥರದ ಪೆಟ್ಟಿಗೆ. "ಬ್ರೋ, ಕ್ಲಚ್ ವೈರ್ ಎರಡೂ ಜಾಯಿಂಟ್ ಮಾಡಿ, ಅರ್ಧ ಗಂಟೆ ಕೆಲಸ, ಡಬಲ್ ಕೊಡ್ತೀನಿ" ಎಂದ. ಮೇಸ್ತ್ರಿ ಊರಲ್ಲಿರಲಿಲ್ಲ. ಆ ದುಡ್ಡು ನನ್ನ ಮೂರು ದಿನದ ಕೂಲಿ. ಮಾವನ ಮನೆಯ ಮೆಟ್ಟಿಲ ಕಥೆ ಹೇಳಿದೆ. ಅವನು ಪೂರ್ತಿ ಕೇಳದೆ ಹೋದ. ಬೇರೆ ಕಡೆ ಮಾಡಿಸಿದನೋ ಏನೋ, ಆ ಚಿಂತೆ ನನಗೆ ಇನ್ನೂ ಇದೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಗೆಳೆಯರೇ, ಕೆಲಸ ಹುಡುಕುವಾಗ ನಾವೆಲ್ಲ "ನನಗೆ ಇದು ಬರುತ್ತದೆ" ಎಂದು ಪಟ್ಟಿ ಮಾಡುತ್ತೇವೆ. ನಾನೂ ಮಾಡುತ್ತಿದ್ದೆ. ಈಗ ಯಾವ ತಂತಿಗೆ ಕಟಿಂಗ್ ಪ್ಲೈಯರ್ ಹಿಡಿದರೂ ಮೊದಲು ಕೈ ನಿಲ್ಲುತ್ತದೆ. ಇದನ್ನು ಇಲ್ಲಿ ಯಾರೋ ಯಾಕೆ ಹಾಕಿದ್ದಾರೆ ಎಂದು ಗೊತ್ತಾಗುವವರೆಗೆ ಕತ್ತರಿಸುವುದಿಲ್ಲ.